ಪೂಜಿತಾ ‘ಅಕ್ಕ್’ ಅಂದ ಸ್ಲ್ಯಾಬ್

ನಮ್ಮ ಕುಂದಾಪುರ ಸೀಮೆಯ ‘ಅಕ್ಕ್’ ಎಂಬ ಮಾತನ್ನು ಯಾರಾದರೂ ಕಾನೂನು ತಂದು ನಿಲ್ಲಿಸಬೇಕು. ಊಟಕ್ಕೆ ಬರುತ್ತೀಯಾ ಎಂದರೆ ಅಕ್ಕ್. ನಾಳೆ ಬಂದರೆ ಸಾಕಾ ಎಂದರೂ ಅಕ್ಕ್. ಆಗಬಹುದು, ನೋಡೋಣ, ಕೇಳಿಸಿತು, ಫೋನ್ ಇಡು ಮಾರಾಯ, ಎಲ್ಲಕ್ಕೂ ಅದೊಂದೇ. ಮದುವೆ ಮನೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಕಟ್ಟಡ ಕಟ್ಟುವ ಜಾಗದಲ್ಲಿ ಈ ಮಾತು ಪೂಜಿತಾಳ ಕುತ್ತಿಗೆಗೆ ಬಂತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪೂಜಿತಾ ನಮ್ಮ ಆಫೀಸಿನವಳು. ಕುಂದಾಪುರದ ಆರ್ಕಿಟೆಕ್ಟ್ ಪ್ರೇಮಾನಂದರ ಬಳಿ ನಾನು ನಕ್ಷೆ ಬಿಡಿಸುತ್ತೇನೆ, ಕೆಲಸ ಆ ನಕ್ಷೆಯಂತೆ ನಡೆಯುತ್ತಿದೆಯಾ ಎಂದು ಅವಳು ಸೈಟಿಗೆ ಹೋಗಿ ನೋಡುತ್ತಾಳೆ. ನಾವುಂದದ ಮೊಗವೀರರ ಮನೆಯ ಹುಡುಗಿ. ತಾಯಿ ವನಜ ಬುಟ್ಟಿ ಹೊತ್ತು ಮೀನು ಮಾರಿ ಸಿವಿಲ್ ಡಿಪ್ಲೊಮಾ ಓದಿಸಿದ್ದು. ಗುತ್ತಿಗೆದಾರ ಕೇಳಿದ್ದಕ್ಕೆ ಉತ್ತರ ಕೊಡುವುದು, ಬಂದ ಸಾಮಾನು ನಾವು ಹೇಳಿದ್ದೇ ಹೌದಾ ಎಂದು ನೋಡುವುದು, ಕಾಂಕ್ರೀಟ್ ಹಾಕುವ ಮೊದಲು ಕಬ್ಬಿಣ ಪರೀಕ್ಷಿಸಿ ಒಪ್ಪಿಗೆ ಕೊಡುವುದು ಅವಳ ಕೆಲಸ. ಒಮ್ಮೆ ಮುಚ್ಚಿದ ಮೇಲೆ ಒಳಗೇನಿದೆ ಎಂದು ದೇವರಿಗೂ ಕಾಣಿಸದು. ಇಂಥ ಕೆಲಸಕ್ಕೆ ನಮ್ಮಲ್ಲಿ ಮರ್ಯಾದೆ ಎಷ್ಟು ಗೊತ್ತಾ? ‘ಸುಮ್ಮನೆ ತಿರುಗುವ ಕೆಲಸ’ ಅನ್ನುತ್ತಾರೆ. ಹೆಲ್ಮೆಟ್ ಹಾಕಿದ ಹೆಣ್ಣನ್ನು ಕಂಡರೆ ಕೆಲವು ಮೇಸ್ತ್ರಿಗಳು ಮುಸಿಮುಸಿ ನಗುವುದೂ ಉಂಟು. ಹಾಗೆ ನಕ್ಕವರನ್ನು ಅವಳೂ ಸುಮ್ಮನೆ ಬಿಟ್ಟವಳಲ್ಲ, ಬಾಯಿ ಜೋರು.

ಮುಂಬೈಯಲ್ಲಿ ಹೋಟೆಲ್ ನಡೆಸುವ ಚಂದಯ್ಯನವರು ಕಿರಿಮಂಜೇಶ್ವರದಲ್ಲಿ, ಹೆದ್ದಾರಿ ಪಕ್ಕ ಬಿಸಿಲಿಗೆ ಕೂತು ಮೀನು ಮಾರುವ ಹೆಂಗಸರಿಗೆ ಒಂದು ಮಾರುಕಟ್ಟೆ ಕಟ್ಟಿಸಿಕೊಡಲು ಹೊರಟರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಗುತ್ತಿಗೆ ಮಾತ್ರ ಅವರ ತಂಗಿ ಗಿರಿಜಮ್ಮನ ಮಗ ಸುಶಾಂತನಿಗೆ ಹೋಯಿತು. ಹಿಂದೆ ಐಸ್ ಇಡುವ ಕೋಣೆ, ಮುಂದೆ ಗೋಡೆಯಿಂದ ಆಚೆಗೆ ಚಾಚಿದ ಅಗಲವಾದ ಸ್ಲ್ಯಾಬ್. ಅದರ ಅಡಿಯಲ್ಲಿ ಹೆಂಗಸರು ಕೂರಬೇಕು. ಪೂಜಿತಾಳ ತಾಯಿಯೂ ಅಲ್ಲೇ ಕೂರುವವಳು.

ಹೀಗೆ ಗೋಡೆಯ ಕಡೆ ಮಾತ್ರ ಹಿಡಿತವಿದ್ದು ಹೊರಗೆ ಚಾಚಿದ ಸ್ಲ್ಯಾಬಿಗೆ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು. ಅಡಿಯಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಕಾಂಕ್ರೀಟ್ ಗಟ್ಟಿಯಾಗುವ ತನಕ ಅಡಿಗೆ ಕೊಟ್ಟ ಹಲಗೆ, ಕಂಬ ತೆಗೆದ ಮೇಲೆ ಅದು ಇವತ್ತು ಬೀಳಬಹುದು, ಮೀನಿನ ಸಂತೆ ತುಂಬಿದ ಯಾವುದೋ ಬೆಳಿಗ್ಗೆಯೂ ಬೀಳಬಹುದು. ನಕ್ಷೆಯಲ್ಲಿ ಇದನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಓದುವವರು ಬೇಕಲ್ಲ!

ಒಂದು ಸಂಜೆ ಪೂಜಿತಾ ಬ್ರಹ್ಮಾವರದ ಇನ್ನೊಂದು ಸೈಟಿನಲ್ಲಿ ಮಿಕ್ಸರ್ ಗದ್ದಲದ ನಡುವೆ ಇದ್ದಾಗ ಸುಶಾಂತನ ಫೋನ್ ಬಂತು.

“ಮೇಡಂ, ಕಬ್ಬಿಣ ಕಟ್ಟಿ ಆಯ್ತ್. ನಾಳೆ ಕಾಂಕ್ರೀಟ್ ಹಾಕ್ತೊ, ಅಕ್ಕಾ?”

“ಅಕ್ಕ್, ಬತ್ತೆ,” ಎಂದಳು ಪೂಜಿತಾ.

ನಾಳೆ ಬರುತ್ತೇನೆ, ನೋಡಿದ ಮೇಲೆ ಹಾಕುವ ಎಂದು ಅವಳ ಲೆಕ್ಕ. ಒಪ್ಪಿಗೆ ಸಿಕ್ಕಿತು ಎಂದು ಅವನ ಲೆಕ್ಕ. ಮರುದಿನ ಅವಳು ಬೈಂದೂರು ಬಸ್ಸಿನಿಂದ ಇಳಿಯುವಾಗ ಸ್ಲ್ಯಾಬಿನ ಮುಕ್ಕಾಲು ಪಾಲು ಮುಗಿದಿತ್ತು. ಉಳಿದ ತುದಿಯಲ್ಲಿ, ಮೇಲಿರಬೇಕಾದ ಕಬ್ಬಿಣದ ಸರಳುಗಳು ಅಡಿಯ ಹಲಗೆಯ ಮೇಲೆ ಚಾಪೆ ಹಾಸಿದಂತೆ ಮಲಗಿದ್ದವು.

“ನಿಲ್ಸಿ! ಯಾರ್ ಹೇಳ್ರ್ ನಿಮ್ಗೆ ಹಾಕುಕೆ?”

“ಎಂತ ಮೇಡಂ, ನೀವೇ ಅಕ್ಕ್ ಅಂದ್ರಿ ಅಲ್ದಾ?”

“ನಾ ಬಪ್ಪುಕೆ ಅಕ್ಕ್ ಅಂದದ್. ನೀವ್ ಹಾಕುಕೆ ಅಲ್ಲ!”

ಅವನು ನಿಲ್ಲಿಸದೆ ಉಳಿದದ್ದನ್ನೂ ಹಾಕಿ ಮುಗಿಸಿದ. ಅಲ್ಲಿಂದ ಶುರುವಾಯಿತು. ತಪ್ಪಾಗಿ ಕಟ್ಟಿದವನು ಸುಶಾಂತ, ಆದರೆ ಊರಿಡೀ ಹರಡಿದ್ದು ಪೂಜಿತಾಳ ‘ಅಕ್ಕ್’. ಅವಳು ನಿಜ ಮುಚ್ಚಲಿಲ್ಲ. ಹೌದು, ಬಾಯಿಮಾತಲ್ಲಿ ಬಿಡಬಾರದಿತ್ತು, ‘ನಾನು ನೋಡದೆ ಹಾಕಬೇಡಿ’ ಎಂದು ಬಿಡಿಸಿ ಹೇಳಬೇಕಿತ್ತು ಎಂದು ಆಫೀಸಿನಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡಳು. ಆದರೆ ಸ್ಲ್ಯಾಬ್ ಒಡೆಯಲೇಬೇಕು ಎಂದಳು. ಹೊರತುದಿಗೆ ಶಾಶ್ವತ ಕಂಬ ಕೊಟ್ಟು ಉಳಿಸಬಹುದಾ ಎಂದೂ ಅವಳೇ ಯೋಚಿಸಿದಳು. ಅಲ್ಲಿ ಇರುವುದು ಹೆದ್ದಾರಿಯ ಚರಂಡಿ, ಕಂಬ ಊರಲು ಜಾಗವೇ ಇಲ್ಲ.

ಪ್ರೇಮಾನಂದರು ನಮ್ಮ ಅನ್ನದಾತರು, ಆದರೂ ಹೇಳುತ್ತೇನೆ, ಅವರಿಗೆ ಬೇಕಾದದ್ದು ಚಂದಯ್ಯನವರ ಮುಂದಿನ ಹೋಟೆಲಿನ ಕೆಲಸ. “ಹಟ ಮಾಡ್ಬೇಡ ಪೂಜಿತಾ. ಬಾಯಲ್ಲ್ ಹೇಳಿದ್ದನ್ನೇ ಬರ್ದ್ ಕೊಡು, ಕಬ್ಬಿಣ ನೋಡಿ ಒಪ್ಪಿದೆ ಅಂತ. ಎಷ್ಟ್ ಸ್ಲ್ಯಾಬ್ ಕಂಡಿದ್ದೆ ನಾನ್, ಒಂದೂ ಬೀಳ್ಲಿಲ್ಲ,” ಎಂದರು. ಬೀಳುವ ಸ್ಲ್ಯಾಬ್ ಬೀಳುವ ತನಕ ಬೀಳುವುದಿಲ್ಲ ಎಂದು ಹೇಳಲು ನನ್ನ ನಾಲಿಗೆ ತುರಿಸಿತು.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಹೆಂಗಸರ ಮಾತಿಗೆ. ಮಳೆಗಾಲ ಹತ್ತಿರ ಬಂದಿತ್ತು, ಅವರಿಗೆ ಸೂರು ಬೇಕಿತ್ತು. ಅಡ್ಡ ಬಂದವಳು ತಮ್ಮದೇ ಓಣಿಯ ಹುಡುಗಿ ಎಂದು ಬೈದರು. ಮನೆಯಲ್ಲಿ ವನಜಳೂ ಬಿಡಲಿಲ್ಲ.

“ಎಂತ ಹೆಣ್ಣೇ, ನಮ್ಗೊಂದ್ ನೆರಳ್ ಆಪ್ ಹೊತ್ತಿಗೆ ನೀನೇ ಅಡ್ಡ ಬಪ್ದಾ? ಓದ್ಸಿದ್ದ್ ಇದ್ಕಾ?”

ಪೂಜಿತಾ ನನಗೆ ಅದನ್ನು ಹೇಳುವಾಗ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಬೈಲಿ. ಅಡಿಗ್ ಸಿಕ್ಕಿ ಸಾಯುಕಿಂತ ಬೈಯುದೇ ಅಕ್ಕ್,” ಎಂದಳು.

ಚಂದಯ್ಯನವರು ಮುಂಬೈಯಿಂದ ಬಂದ ದಿನ ನಾವೆಲ್ಲ ಸೈಟಿಗೆ ಹೋದೆವು. ಸ್ಲ್ಯಾಬಿನ ಅಡಿಯ ಕಂಬಗಳು ಇನ್ನೂ ಇದ್ದವು. ಉದ್ಘಾಟನೆಗೆ ಮೊದಲು ತೆಗೆಯುವುದು ಎಂದಿತ್ತು. ಹೆಂಗಸರು ಆಗಲೇ ಕಂಬಗಳ ನಡುವೆ ನುಗ್ಗಿ, ಇದು ನನ್ನ ಜಾಗ, ಅದು ನಿನ್ನದು ಎಂದು ಬುಟ್ಟಿ ಇಟ್ಟು ಕೂತಿದ್ದರು. ವನಜ ಸರೀ ನಡುವೆ. ಗಿರಿಜಮ್ಮ ಅಣ್ಣನ ಜೊತೆ ನಿಂತು, ಮಗ ಕಟ್ಟಿದ್ದನ್ನು ಹೆಮ್ಮೆಯಿಂದ ನೋಡುತ್ತಿದ್ದರು.

ಪ್ರೇಮಾನಂದರು ಒಪ್ಪಿಗೆ ಪತ್ರದ ಸಹಿಗೆ ಪೆನ್ ಚಾಚಿದರು. ಪೂಜಿತಾ ಮುಟ್ಟಲಿಲ್ಲ.

“ಮಾವ, ಇವ್ರದ್ ಬರೀ ಪುಸ್ತಕದ್ ಬದ್ನಿಕಾಯಿ,” ಎಂದು ಸುಶಾಂತ ನಕ್ಕ. “ಅಕ್ಕ್ ಅಂದವ್ರೂ ಇವ್ರೇ, ಒಡೀರಿ ಅಂಬವ್ರೂ ಇವ್ರೇ.”

ಹೆಂಗಸರೂ ನಕ್ಕರು. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಪೂಜಿತಾ ಮಾತ್ರ ಅವನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು.

“ಸುಶಾಂತಣ್ಣ, ಗಿರಿಜಮ್ಮ ಇಲ್ಲೇ ಇದ್ರ್. ಈ ಹೆಂಗ್ಸ್ರನ್ನೆಲ್ಲ ಏಳ್ಸಿ, ನಿಮ್ಮಮ್ಮನ್ನ ಒಬ್ರನ್ನೇ ಅಲ್ಲ್ ಕೂರ್ಸಿ. ಕುಷ್ಟಣ್ಣ ಕಂಬ ತೆಗೀಲಿ. ನಾ ಈಗ್ಳೇ ಸಹಿ ಹಾಕ್ತೆ.”

ಕುಷ್ಟ ಸ್ಲ್ಯಾಬಿಗೆ ಹಲಗೆ, ಕಂಬ ಕೊಡುವ ಸೆಂಟ್ರಿಂಗ್ ಕೆಲಸದವನು. ಸುತ್ತಿಗೆ ಹಿಡಿದು ಸುಶಾಂತನ ಮುಖ ನೋಡಿದ. ಸುಶಾಂತ ಕಣ್ಣು ತಪ್ಪಿಸಿದ. ಆದರೆ ಗಿರಿಜಮ್ಮನಿಗೆ ರೋಷ ಬಂತು. ಮಗನ ಮೇಲೆ ಅಷ್ಟು ಭರವಸೆ ಅವರಿಗೆ.

“ಅದ್ಕೆಂತ? ನನ್ ಮಗ ಕಟ್ಟದ್ದ್, ನಾ ಕೂಕಂತೆ. ಕುಷ್ಟ, ತೆಗಿಯಾ ನೀನ್,” ಎಂದು ಸೀರೆ ಎತ್ತಿಕೊಂಡು ಒಳಗೆ ಹೆಜ್ಜೆ ಇಟ್ಟರು. ಕುಷ್ಟ ಮೊದಲ ಕಂಬಕ್ಕೆ ಸುತ್ತಿಗೆ ಎತ್ತಿದ.

“ಅಮ್ಮಾ! ಬೇಡ, ಹೊರ್ಗ್ ಬಾ!” ಎಂದು ಸುಶಾಂತ ಕಿರುಚಿದ. ಓಡಿ ಹೋಗಿ ತಾಯಿಯ ರಟ್ಟೆ ಹಿಡಿದು ಎಳೆದುಕೊಂಡ.

ಚಂದಯ್ಯನವರು ಸೋದರಳಿಯನ ಮುಖವನ್ನೇ ನೋಡುತ್ತಿದ್ದರು. ಪ್ರೇಮಾನಂದರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಸ್ಲ್ಯಾಬಿನ ಅಡಿಯಿಂದ ವನಜ ಬುಟ್ಟಿ ಎತ್ತಿಕೊಂಡು ಎದ್ದಳು. ಹೊರಗೆ ಬಂದು ಸುಶಾಂತನ ಎದುರು ನಿಂತಳು.

“ಹಂಗಾರೆ ನಾವ್ ಯಾರ್ ಅಮ್ಮನೂ ಅಲ್ದಾ ಮಗಾ?”

ಉಳಿದ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು.