ಫ್ಲಶಿಂಗ್‌ನ ಆ ಮಧ್ಯಾಹ್ನದ ಊಟ

ಆ ಹೋಟೆಲಿನಲ್ಲಿ ಹಂದಿ ಮಾಂಸವನ್ನೂ ಬೇಯಿಸುತ್ತಾರೆ ಎಂದು ನನ್ನ ಗಂಡನಿಗೆ ಹೇಳಿದವಳು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಅದೇ ಸಂಜೆ ಮಗನಿಗೆ ಇನ್ನೊಂದು ಸುಳ್ಳು ಹೇಳಿದೆ — ಅದು ಮೊದಲನೆಯದಕ್ಕಿಂತ ದೊಡ್ಡದು. ಆ ಎರಡು ಸುಳ್ಳುಗಳಿಂದ ಒಬ್ಬ ತಂದೆ, ಒಬ್ಬ ಮಗ ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೊರಗಿನವರಾಗಿ ಬದುಕಿದರು.

ನನ್ನ ಮಗ ಇದನ್ನು ಓದಲಾರ. ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು, ನ್ಯೂಜೆರ್ಸಿಗೆ ಬಂದ ಮೇಲೆ ಸ್ವಂತ ಮಗನಿಗೆ ಅಕ್ಷರ ಕಲಿಸಲಿಲ್ಲ. ಬಹುಶಃ ಅದಕ್ಕೇ ಇಲ್ಲಿ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ — ಇದು ಧೈರ್ಯವೇ ಆಗಿದ್ದರೆ.

ಮಗ ಸಾದಿಕ್ ಆಗ ಕೆಲಸದ ಸಲುವಾಗಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಾಡಿಗೆಗಿದ್ದ. ನಾನು, ನನ್ನ ಗಂಡ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನಲ್ಲಿ. ಒಂದು ದಿನ ಅವನ ಫೋನ್ ಬಂತು. "ಅಮ್ಮಿ, ಜಿಂಗ್ ಬಗ್ಗೆ ಹೇಳಿದ್ನಲ್ಲ, ಐ ವಾಂಟ್ ಟು ಮ್ಯಾರಿ ಹರ್. ಅವರೂ ಮುಸ್ಲಿಮರೇ, ಚೈನಾದಿಂದ ಬಂದೋರು. ಅವರಪ್ಪಂದು ಫ್ಲಶಿಂಗ್‌ನಲ್ಲಿ ಹಲಾಲ್ ರೆಸ್ಟೋರೆಂಟ್ ಇದೆ. ಶನಿವಾರ ಲಂಚ್‌ಗೆ ಅಬ್ಬಾನ ಅಲ್ಲಿಗೆ ಕರ್ಕೊಂಡ್ ಬನ್ನಿ. ಮೊದಲು ಊಟ ಮಾಡ್ಲಿ. ಆಮೇಲೆ ನಾನೇ ಹೇಳ್ತೀನಿ."

ಈಗಲೇ ಯಾಕೆ ಹೇಳಬಾರದು ಎಂದೆ. "ಐಯಾಮ್ ಸ್ಕೇರ್ಡ್, ಅಮ್ಮಿ" ಎಂದ. ಅವನು ಹೆದರಿದ್ದು ಅಪ್ಪನಿಗೆ. ಹೆದರಬೇಕಾದದ್ದು ನನಗೆ.

ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ಮನಸ್ಸಿನಲ್ಲಿ ಮೋಸವಿತ್ತೇ — ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಇರಲಿಲ್ಲ ಎಂದು ಆಣೆ ಮಾಡಲಾರೆ.

ಆ ಶನಿವಾರ, ಹೊಸ ಕಡೆ ಊಟ ಮಾಡೋಣ ಎಂದಷ್ಟೇ ಹೇಳಿ ಗಂಡನನ್ನು ಹೊರಡಿಸಿದೆ. ಚೀನೀಯರೇ ಹೆಚ್ಚಿರುವ ಫ್ಲಶಿಂಗ್ ನೋಡಿದವರಿಗೆ ಗೊತ್ತು, ಅಲ್ಲಿ ಹೆಜ್ಜೆಗೊಂದು ಹೋಟೆಲು. ನನ್ನ ಗಂಡ ಬಷೀರ್‌ಗೆ ಹೊಸ ಊಟವೆಂದರೆ ಮಕ್ಕಳಂಥ ಹುರುಪು. ಗಾಜಿನ ಹಿಂದೆ ಸಾಲಾಗಿ ತೂಗುವ ಬಾತುಕೋಳಿಗಳನ್ನೂ ಹಬೆಯಾಡುವ ಬುಟ್ಟಿಗಳನ್ನೂ ನೋಡುತ್ತ, ಪ್ರತಿ ಅಂಗಡಿಯ ಮುಂದೂ ನಿಲ್ಲುತ್ತಿದ್ದರು. "ನೀನೇ ಆರಿಸು ನಸೀಮಾ, ನೀನು ಹೇಳಿದ ಕಡೆ ಕೂರೋಣ" ಎಂದರು. ಒಂದು ಕಿಟಕಿಯಲ್ಲಿ ಒಬ್ಬಾತ ಹಿಟ್ಟನ್ನು ಎಳೆದೆಳೆದು ನೂಡಲ್ಸ್ ಮಾಡುತ್ತಿದ್ದ. ಅವರು ಅಲ್ಲಿ ಮೈಮರೆತು ನಿಂತರು. ನಾನು ಮುಂದೆ ನಡೆದೆ.

ಸಾದಿಕ್ ಹೇಳಿದ ಹೋಟೆಲಿನ ಬಾಗಿಲಲ್ಲಿ ಬಿಳಿ ಟೋಪಿ ಹಾಕಿದ ಒಬ್ಬರು ನಿಂತಿದ್ದರು. ಜಿಂಗ್‌ಳ ತಂದೆ. ನನ್ನ ಫೋಟೋ ನೋಡಿದ್ದರೇನೋ, ಗುರುತು ಹಿಡಿದು ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದರು. ಅವರ ಹಿಂದೆ, ಗಾಜಿನಾಚೆ, ಉದ್ದನೆಯ ಮೇಜು. ಮಗನ ಬೆನ್ನು. ಅವನ ಪಕ್ಕದಲ್ಲಿ ಆ ಹುಡುಗಿ ಚಹಾದ ಬಟ್ಟಲುಗಳನ್ನು ಜೋಡಿಸುತ್ತಿದ್ದಳು — ಜೋಡಿಸಿದ್ದನ್ನೇ ಮತ್ತೆ ಸರಿಮಾಡುತ್ತಿದ್ದಳು, ಪರೀಕ್ಷೆಗೆ ಕೂತವರ ಹಾಗೆ.

ಸಲಾಮಿಗೆ ಸಲಾಂ ಹೇಳಬೇಕೆಂಬುದನ್ನು ನನಗೆ ಮಾತು ಕಲಿಯುವಾಗಲೇ ಕಲಿಸಿದ್ದರು. ನಾನು ಬಾಯಿ ತೆರೆಯಲಿಲ್ಲ. ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದವರು ಮೈಸೂರಿನ ನನ್ನ ಅಕ್ಕಂದಿರು, ಇಲ್ಲಿನ ಮಸೀದಿಯ ಹೆಂಗಸರು, ಇನ್ನೂ ಹುಟ್ಟದ ಮೊಮ್ಮಕ್ಕಳ ಮುಖ… ಧರ್ಮ ಒಂದೇ ಆಗಿತ್ತು. ನನಗೆ ಬೇಡವಾದದ್ದು ಮುಖ. ಇದನ್ನು ಇದಕ್ಕಿಂತ ಮೆತ್ತಗೆ ಹೇಳುವ ದಾರಿ ನನಗೆ ಸಿಕ್ಕಿಲ್ಲ.

ಹಿಂದಿರುಗಿದೆ. ಬಷೀರ್ ಎದುರು ಬರುತ್ತಿದ್ದರು. "ಇಲ್ಲೇ ಹಲಾಲ್ ಅಂತ ಬೋರ್ಡ್ ಇದೆಯಲ್ಲ, ನೋಡು" ಎಂದರು.

"ಕೇಳಿದೆ. ಹಂದೀದೂ ಮಾಡ್ತಾರಂತೆ. ಬೋರ್ಡು ಸುಮ್ನೆ."

ಅವರು ಅಲ್ಲಿಂದಲೇ ಕಾರಿನ ಕಡೆ ತಿರುಗಿದರು. ನಮ್ಮ ಕಡೆಯ ಹೋಟೆಲುಗಳಿರುವ ಬೆಲ್‌ರೋಸ್‌ವರೆಗೆ ಡ್ರೈವ್ ಮಾಡಿ ಹಿಲ್‌ಸೈಡ್ ಅವೆನ್ಯೂದಲ್ಲಿ ಬಿರಿಯಾನಿ ತಿಂದೆವು. ಕೈಚೀಲದ ತಳದಲ್ಲಿ ನನ್ನ ಫೋನ್ ನಡುಗುತ್ತಲೇ ಇತ್ತು. ಬಷೀರ್ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿ, "ನೀನು ವಿಚಾರಿಸಿದ್ದು ಒಳ್ಳೇದಾಯ್ತು" ಎಂದರು.

ಸಂಜೆ ಮಗನಿಗೆ ಫೋನಿನಲ್ಲಿ ಹೇಳಿದೆ: "ಹೋಟೆಲಿನ ಬಾಗಿಲವರೆಗೂ ಬಂದಿದ್ದೆ. ದಾರಿಯಲ್ಲೇ ಅಬ್ಬಾಗೆ ವಿಷಯ ಹೇಳಿದೆ. ಆ ಜನರ ಸಂಬಂಧ ನಮಗೆ ಬೇಡ ಅಂದುಬಿಟ್ಟರು. ಇನ್ನು ಈ ಮಾತು ಅವರ ಹತ್ರ ಎತ್ತಬೇಡ, ಬಿಪಿ ಇದೆ."

ಸಾದಿಕ್ ಕೇಳಿದ: "ಅಬ್ಬಾ ಸೆಡ್ ದಟ್?"

"ಹೂಂ" ಎಂದೆ. ಬರೀ ಒಂದು ಹೂಂ —

ಅವನು ಜಿಂಗ್‌ಳನ್ನೇ ಮದುವೆಯಾದ. ನಮ್ಮನ್ನು ಕರೆಯಲಿಲ್ಲ. ಅಪ್ಪನೊಂದಿಗೆ ಅವನ ಮಾತು ಈದ್ ಮುಬಾರಕ್‌ಗೆ, ಆರೋಗ್ಯ ಹೇಗಿದೆ ಎಂಬುದಕ್ಕೆ ಇಳಿಯಿತು. ಮಗಳು ಹುಟ್ಟಿದಾಗ ಫೋಟೋ ಬಂದದ್ದು ನನ್ನ ಫೋನಿಗೆ. ಬಷೀರ್ ಕನ್ನಡಕ ಹಾಕಿಕೊಂಡು ಆ ಮಗುವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡುತ್ತಿದ್ದರು. "ನಾನೇನು ಮಾಡಿದೆ ಇವನಿಗೆ?" ಎಂದು ಕೇಳಿದರೆ, ಇಲ್ಲಿ ಹುಟ್ಟಿದ ಮಕ್ಕಳೇ ಹಾಗೆ ಎನ್ನುತ್ತಿದ್ದೆ. ಅದು ಮೂರನೆಯ ಸುಳ್ಳು. ಅದನ್ನು ಎಷ್ಟು ಸಲ ಹೇಳಿದೆನೋ…

ಈ ಚಳಿಗಾಲದಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಕಟ್ಟಿಕೊಂಡು ಸೋಫಾದಲ್ಲಿ ಕೂತಿದ್ದವರು ಒಂದು ಬೆಳಿಗ್ಗೆ ತಮ್ಮ ಫೋನನ್ನು ನನ್ನ ಕೈಗಿಟ್ಟರು. "ಸಾದಿಕ್‌ಗೆ ಒಂದು ಮೆಸೇಜ್ ಹಾಕು. ಅಬ್ಬಾ ಏನೋ ತಪ್ಪು ಮಾಡಿರಬೇಕು, ಏನೂಂತ ಗೊತ್ತಿಲ್ಲ, ಮಾಫ್ ಮಾಡು ಅಂತ ಬರಿ."

ನಾನು ಅದನ್ನು ಬರೆಯಲಿಲ್ಲ. ಅಲ್ಲೇ, ಅವರ ಕಾಲ ಬಳಿ ಕೂತು, ಎಲ್ಲ ಹೇಳಿದೆ.

ಬೈಯಬಹುದೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಮೊದಲು ಕೇಳಿದ್ದು ಇದು: "ಆ ಮನುಷ್ಯನ ಹೋಟೆಲಿಗೆ ಹಂದಿಯ ಹೆಸರು ಹಚ್ಚಿದೆಯಾ?" ಆಮೇಲೆ ಫೋನ್ ವಾಪಸ್ ಇಸಿದುಕೊಂಡು, ಗೋಡೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಅವರ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನನ್ನು ಕರೆಯಲಿಲ್ಲ.

ಪಟ್ಟಿ ಬಿಚ್ಚಿದ ಮೇಲಿನ ಶನಿವಾರ ಅವರು ಮಗನ ಜೊತೆ ಊಟಕ್ಕೆಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ನಾನೂ ಕೋಟು ತೆಗೆದುಕೊಂಡೆ. "ನೀನು ಬರಬೇಡ ನಸೀಮಾ. ಸಾದಿಕ್ ಈಗ ಬೇಡ ಅಂದಿದ್ದಾನೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರಿನ್ಸ್‌ಟನ್ ಜಂಕ್ಷನ್ ರೈಲ್ವೆ ಸ್ಟೇಷನ್ನಿನವರೆಗೆ ಕಾರಿನಲ್ಲಿ ಬಿಟ್ಟು ಬಂದೆ.

ಸಂಜೆ ಸ್ಟೇಷನ್ನಿಗೆ ಹೋದಾಗ ಬಷೀರ್ ನಡೆದು ಬರುವುದನ್ನು ದೂರದಿಂದಲೇ ನೋಡಿದೆ. ಅಷ್ಟು ಹಗುರಾಗಿ ನಡೆದದ್ದನ್ನು ನಾನು ಕಂಡು ಎಷ್ಟೋ ಕಾಲವಾಗಿತ್ತು. ಕಾರು ಹತ್ತಿ ಸೀಟ್ ಬೆಲ್ಟ್ ಹಾಕಿಕೊಂಡರು.

"ಊಟ ಆಯ್ತಾ?" ಎಂದೆ.

"ಆಯ್ತು."

ಏನು ಬಡಿಸಿದರು, ಮಗು ಹತ್ತಿರ ಬಂತೇ, ಯಾರು ಅತ್ತರು, ಯಾರು ನಕ್ಕರು — ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. ಗಾಡಿ ಹೊರಡಿಸಿದೆ.