ಮೊಮ್ಮಗಳ ಮುಡಿ, ಅಕ್ಕನ ಹರಕೆ

ನಾಗಮಂಗಲದ ಬೀಗರೂಟದಲ್ಲಿ ನನಗಾದ ಅವಮಾನವನ್ನು ಮೊದಲು ಹೇಳಿ ಮುಂದುವರಿಯುವುದೇ ನ್ಯಾಯ. ಎರಡನೆಯ ಪಂಕ್ತಿ. ಎಲೆಗೆ ಮುದ್ದೆ ಬಿದ್ದು, ಸಾರು ಬಂದು, ನಾನು ಮೊದಲ ತುತ್ತನ್ನು ಅದ್ದಿ ಬಾಯಿಗೆ ಹಾಕಿಕೊಂಡಿದ್ದೆ. ಬಾಯಿ ತುಂಬಿದವನು ಉತ್ತರ ಕೊಡಲಾರ ಎಂಬುದನ್ನು ಚೆನ್ನಾಗಿ ಬಲ್ಲ ನನ್ನ ಅಕ್ಕ ಆ ಗಳಿಗೆಯನ್ನೇ ಆರಿಸಿಕೊಂಡಳು. ನಮ್ಮಿಬ್ಬರ ನಡುವೆ ಕುಳಿತಿದ್ದ ನನ್ನ ಮೊಮ್ಮಗಳ ತಲೆಯನ್ನು ಬಗ್ಗಿಸಿ, ನೆತ್ತಿಯ ಹಿಂದಿನ ಕೂದಲನ್ನು ಎರಡು ಕಡೆಗೆ ಸರಿಸಿ, ಇಡೀ ಪಂಕ್ತಿಗೆ ಕೇಳುವಂತೆ ಸಾರಿದಳು:

“ನೋಡ್ರವ್ವ ಇಲ್ಲಿ! ತಾತನ ಬುರುಡೆ ಮೊಮ್ಮಗೀಗೂ ಬಂದ್ಬುಟ್ಟೈತೆ!”

ಪಂಕ್ತಿಯೇ ನಕ್ಕಿತು. ನಕ್ಕವರು ಯಾರು ಯಾರೆಂದು ನಾನು ಇಂದಿಗೂ ಹೇಳಬಲ್ಲೆ. ಹೆಣ್ಣಿನ ಸೋದರಮಾವ ನಕ್ಕರು. ಬಡಿಸುತ್ತಿದ್ದವನು ಸಾರಿನ ಬಕೆಟ್ಟನ್ನು ಕೆಳಗಿಟ್ಟು ನಕ್ಕ. ಪಾಂಡವಪುರದ ಪ್ರೌಢಶಾಲೆಯಲ್ಲಿ ನನ್ನಿಂದಲೇ ವ್ಯಾಕರಣ ಕಲಿತು ಈಗ ಕಚೇರಿಯೊಂದರ ದೊಡ್ಡ ಕುರ್ಚಿಯಲ್ಲಿ ಕೂರುವ ಶಿಷ್ಯನೊಬ್ಬ ಕೆಮ್ಮಿನ ನೆಪದಲ್ಲಿ ನಕ್ಕ. ಆಗಮಸಂಧಿಗೂ ಆದೇಶಸಂಧಿಗೂ ವ್ಯತ್ಯಾಸ ತಿಳಿಯದ ಅವನನ್ನು ನಾನು ಉತ್ತೀರ್ಣಗೊಳಿಸಿದ್ದೆ.

ನಗದೆ ಇದ್ದವಳು ಮೊಮ್ಮಗಳು ಮಾತ್ರ. ಮೂರನೆಯ ತರಗತಿಯ ಹುಡುಗಿ. ಎರಡೂ ಕೈಯಿಂದ ನೆತ್ತಿ ಮುಚ್ಚಿಕೊಂಡು, ಮಾಂಸದ ತುಂಡಿನ್ನೂ ಮುಟ್ಟದ ಎಲೆಯನ್ನು ಬಿಟ್ಟು ಎದ್ದು ಹೋದಳು. ಮರುದಿನದಿಂದ ಮಂಕಿ ಟೋಪಿ ಹಾಕಿಕೊಳ್ಳದೆ ಬಾಗಿಲು ದಾಟಲಿಲ್ಲ. ಶಾಲೆಯಲ್ಲಿ ಟೋಪಿ ತೆಗೆ ಎಂದರು. ಇವಳು ಶಾಲೆಯನ್ನೇ ಬಿಟ್ಟಳು.

ಆ ಬೋಳು ಜಾಗ ಒಂದು ಚಿಕ್ಕ ವೀಳ್ಯದೆಲೆಯಷ್ಟಿತ್ತು. ಹುಳ ತಿಂದಿದೆ ಎಂದು ಬೀದಿ ತೀರ್ಮಾನಿಸಿತು. ಸೊಸೆ ಈರುಳ್ಳಿ ರಸ ತಿಕ್ಕಿದಳು. ಮನೆಯೆಲ್ಲ ಬೋಂಡಾ ಅಂಗಡಿಯಂತೆ ನಾರಿತೇ ಹೊರತು ಕೂದಲು ಬರಲಿಲ್ಲ. ನನಗೆ ಸಂಶಯವಿತ್ತು. ಪರೀಕ್ಷಾ ಕೊಠಡಿಯಲ್ಲಿ ಮೂವತ್ತು ವರ್ಷ ಕಾವಲು ನಿಂತ ಕಣ್ಣು ನನ್ನದು. ಬರೆಯುವ ಮಗುವಿನ ಎರಡನೆಯ ಕೈ ಎಲ್ಲಿದೆ ಎಂದು ನೋಡುವುದು ಅದಕ್ಕೆ ರೂಢಿ. ಮೊಮ್ಮಗಳು ಮಗ್ಗಿ ಬರೆಯಲು ಕುಳಿತಾಗ ನೋಡಿದೆ. ಬಲಗೈ ಬರೆಯುತ್ತಿತ್ತು. ಎಡಗೈ ಮೆಲ್ಲನೆ ನೆತ್ತಿಗೆ ಏರಿತು, ಹುಡುಕಿತು, ಒಂದನ್ನು ಆರಿಸಿತು, ಎಳೆಯಿತು. ಕಿತ್ತ ಕೂದಲಿನ ಬುಡವನ್ನು ಅವಳು ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟು, ಮತ್ತೆ ಕೈ ಏರಿಸಿದಳು. ಮುಖದಲ್ಲಿ ನೋವಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವರ ಏಕಾಗ್ರತೆ ಇತ್ತು.

ಕೇಳಿದೆ. ಕಿತ್ತ ಕೂದಲನ್ನು ಪುಸ್ತಕದ ಕೆಳಗೆ ಸರಿಸಿ ಹೇಳಿದಳು: “ಎಲ್ಲಾ ಕೂದಲೂ ಒಂದೇ ಥರ ಇರಲ್ಲ ತಾತ. ಒಂದೊಂದು ಒರಟಾಗಿರುತ್ತೆ. ಅದು ಕೈಗೆ ಸಿಕ್ಕರೆ ಬಿಡೋಕಾಗಲ್ಲ. ಕಿತ್ತರೆ ಪುಳಕ್ ಅನ್ನುತ್ತೆ.”

“ಪುಳಕ್?”

“ಹ್ಞೂಂ. ಪುಳಕ್. ಆಮೇಲೆ ಸಮಾಧಾನ. ಆಮೇಲೆ ಅಳು ಬರುತ್ತೆ.”

ನಾನು ಸೊಸೆಯನ್ನೂ ಮಗುವನ್ನೂ ಬಸ್ಸು ಹತ್ತಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿನ ಚರ್ಮದ ವೈದ್ಯೆ ಭೂತಗಾಜಿನಲ್ಲಿ ನೆತ್ತಿಯನ್ನು ಪರೀಕ್ಷಿಸಿ, ಹುಳವಲ್ಲ, ಕಾಯಿಲೆ ತಗುಲಿದ್ದೂ ಅಲ್ಲ, ಕೀಳುವ ಅಭ್ಯಾಸ, ಎಷ್ಟೋ ಮಕ್ಕಳಿಗೆ ಇರುತ್ತದೆ, ಕೀಳುವುದು ನಿಂತರೆ ಕೂದಲು ಬರುತ್ತದೆ ಎಂದರು.

“ಹಾಗಾದರೆ ಇದು ನನ್ನ ತಲೆಯಿಂದ ಬಂದದ್ದಲ್ಲ?”

“ಅಲ್ಲ ಸರ್.”

“ದಯವಿಟ್ಟು ಸ್ವಲ್ಪ ಜೋರಾಗಿ ಹೇಳಿ. ಸೊಸೆ ಕೇಳಿಸಿಕೊಳ್ಳಲಿ. ನಾಗಮಂಗಲಕ್ಕೂ ಕೇಳಿಸಿದರೆ ಇನ್ನೂ ಒಳ್ಳೆಯದು.”

“ತಾತನ ಬೋಳುತಲೆಗೂ ಇದಕ್ಕೂ ಸಂಬಂಧವೇ ಇಲ್ಲಮ್ಮ,” ಎಂದು ಅವರು ಗಟ್ಟಿಯಾಗಿ ಹೇಳಿದರು. ಹೊರಗೆ ಕುಳಿತಿದ್ದ ರೋಗಿಗಳೆಲ್ಲ ಬಾಗಿಲ ಸಂದಿಯಿಂದ ನನ್ನ ತಲೆಯನ್ನು ನೋಡಿದರು. ಇರಲಿ. ಸತ್ಯಕ್ಕೆ ಸಾಕ್ಷಿಗಳು ಬೇಕು.

ಅದೇ ಕಟ್ಟಡದ ಮಹಡಿಯಲ್ಲಿ ಮಕ್ಕಳೊಂದಿಗೆ ಮಾತಾಡುವ ಆಪ್ತಸಮಾಲೋಚಕಿಯೊಬ್ಬರಿದ್ದರು. ಅವರು ಮಗುವಿನೊಡನೆ ನೆಲದ ಮೇಲೆ ಕುಳಿತು ತುಂಬಾ ಹೊತ್ತು ಮಾತಾಡಿದ ಮೇಲೆ ನಮ್ಮನ್ನು ಕರೆದರು. ಬೈಯಬೇಡಿ, ಬೈದಷ್ಟೂ ನಾಚಿಕೆ, ನಾಚಿಕೆಯಾದಷ್ಟೂ ಕೈ ಮೇಲಕ್ಕೆ. ದಿನವಿಡೀ “ಕೈ! ಕೈ!” ಎಂದು ಕೂಗಬೇಡಿ. ಕೈ ಏರುವ ಹೊತ್ತು ಯಾವುದೆಂದು ಅವಳೇ ಗುರುತಿಸಲಿ, ಆಗ ಬೆರಳಿಗೆ ಬೇರೆ ಕೆಲಸ ಸಿಗಲಿ. ಹರಳೆಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆಯಿರಿ, ಬೆರಳು ಜಾರುತ್ತದೆ. ಕೀಳದೆ ಬಿಟ್ಟ ಹೊತ್ತನ್ನು ಮೆಚ್ಚಿ, ಕಿತ್ತ ಹೊತ್ತನ್ನು ಎತ್ತಿ ಆಡಬೇಡಿ. ಇಷ್ಟನ್ನು ಹೇಳಿ, ತಿಂಗಳಿಗೆರಡು ಸಲ ಬರಬೇಕೆಂದರು.

ಬೆರಳಿಗೆ ಬೇರೆ ಕೆಲಸ ಹುಡುಕುವುದೇ ಪಾಡಾಯಿತು. ಸ್ಪಂಜಿನ ಚೆಂಡು ತಂದೆವು; ಎರಡನೆಯ ದಿನ ನಾಯಿ ಅಗಿದು ಹಾಕಿತು. ಮಣಿ ಪೋಣಿಸಲು ಕೊಟ್ಟೆವು; ಸೋಫಾದ ಕೆಳಗೆಲ್ಲ ಮಣಿ. ನಾನು ನನ್ನ ಹಳೆಯ ಉಣ್ಣೆ ಶಾಲಿನ ಅಂಚನ್ನೇ ತ್ಯಾಗ ಮಾಡಿದೆ. ಎಲ್ಲವನ್ನೂ ಬೆರಳಲ್ಲಿ ಆಡಿಸಿ ನೋಡಿ, ಮಗು ತಲೆಯಾಡಿಸಿತು: “ಇದು ಪುಳಕ್ ಅನ್ನಲ್ಲ ತಾತ.”

ಮನೆಯವರಿಗೆ ಇದು ಮಕ್ಕಳ ಹಟವೆನಿಸಿತು. ನಾನು ವ್ಯಾಕರಣದ ಮೇಷ್ಟ್ರು. ದಬದಬ, ಸುರಸುರ, ಪುಳಕ್ ಮುಂತಾದವನ್ನು ಅನುಕರಣಾವ್ಯಯವೆನ್ನುತ್ತೇವೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯೆಂದು ಮಕ್ಕಳು ಅದನ್ನು ಕಡೆಗಣಿಸುತ್ತಾರೆ. ಆದರೆ ಕನ್ನಡದವನ ಮೈಯ ಸುಖದುಃಖವೆಲ್ಲ ಇರುವುದು ಅಲ್ಲೇ. ಪುಳಕ್ ಎಂದರೆ ಬಿಗಿಯಾಗಿ ಹಿಡಿದದ್ದು ತಟ್ಟನೆ ಜಾರಿ ಹೊರಬರುವುದು. ಲೋಕದಲ್ಲಿ ಪುಳಕ್ ಎನ್ನುವ ಇನ್ನೊಂದು ಪದಾರ್ಥ ಇದ್ದೇ ಇರಬೇಕು. ನಾನು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಿಸುಕುತ್ತ ತಿರುಗತೊಡಗಿದೆ. ಹುಣಸೆಹಣ್ಣು ಅಂಟಿತು. ನೆನೆಸಿದ ಕಡಲೆ ಜಗ್ಗಲಿಲ್ಲ. ಟೂತ್‌ಪೇಸ್ಟಿನ ಪ್ರಯೋಗವನ್ನು ಸೊಸೆ ನಿಲ್ಲಿಸಿದಳು.

ಇಂಥ ಹೊತ್ತಿನಲ್ಲಿ ಅಕ್ಕ ಕಿಕ್ಕೇರಿಯಿಂದ ಬಂದಿಳಿದಳು. ಒಂದು ಕೈಯಲ್ಲಿ ಸೊಗಡಿನ ಅವರೆಕಾಯಿಯ ಚೀಲ, ಇನ್ನೊಂದು ಕೈಯಲ್ಲಿ ತೀರ್ಪು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಚೀಲಕ್ಕೆ ಲಗೇಜು ಹಾಕಿದ ಸಿಟ್ಟೂ ಸೇರಿ, ಹೊಸಿಲಲ್ಲೇ ಶುರುಮಾಡಿದಳು.

“ಡಾಕ್ಟ್ರಂತೆ, ಡಾಕ್ಟ್ರು! ನಿನ್ನ ಮೊಮ್ಮಗಿ ಕೈಗೂಸಾಗಿದ್ದಾಗ ಜ್ವರ ಬಂದಿತ್ತಲ್ಲ, ಆಗ ನಾನು ಮೇಲುಕೋಟೆ ದ್ಯಾವ್ರಿಗೆ ಇದರ ಮುಡಿ ಕೊಡ್ತೀನಿ ಅಂತ ಅರಕೆ ಒತ್ತಿದ್ದೆ ಕಣ್ಲಾ. ಮರ್ತೋಗಿತ್ತು. ಅವನು ಮರೀತಾನಾ? ಒಂದೊಂದೇ ಕೂದ್ಲು ಕಿತ್ಕೊಂಡು ಕಂತಲ್ಲಿ ವಸೂಲಿ ಮಾಡ್ತಾವ್ನೆ!”

“ಯಾರನ್ನು ಕೇಳಿ ಹರಕೆ ಹೊತ್ತೆ?”

“ಜ್ವರ ಬಂದಾಗ ನಿನ್ನ ಕೇಳ್ಕಂಡು ಕೂತ್ಕೊಳ್ಳಕ್ಕಾಯ್ತದೇನ್ಲಾ? ಶನಿವಾರ ಓಗಾಣ. ಪೂರ್ತಾ ಬೋಳ್ಸಿ ಕೊಟ್ಬುಟ್ರೆ ಮುಗೀತು. ಕೀಳಾಕೆ ಕೂದ್ಲೇ ಇರಾಕಿಲ್ಲ!”

ಐದು ವರ್ಷ ಹಿರಿಯಳಾದ ಮಾತ್ರಕ್ಕೆ ನಿವೃತ್ತ ಮುಖ್ಯೋಪಾಧ್ಯಾಯನನ್ನು ಸೊಸೆಯೆದುರು ‘ಏನ್ಲಾ’ ಎನ್ನುವ ಅಧಿಕಾರ ಇವಳಿಗೆ ಕೊಟ್ಟವರು ಯಾರೆಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅಂದು ಅದಕ್ಕಿಂತ ದೊಡ್ಡದೊಂದು ಎದುರಿಗಿತ್ತು. ದೇವರ ಮಾತು ಬಂದ ಕೂಡಲೇ ಸೊಸೆಯ ಮುಖ ಬಿಳಿಚಿತು. “ಮಾವ, ಹೊತ್ತ ಮೇಲೆ ತೀರಿಸಲೇಬೇಕಲ್ವಾ?” ಎಂದಳು. ಮೊಮ್ಮಗಳು ಟೋಪಿಯನ್ನು ಗಲ್ಲದ ತನಕ ಎಳೆದುಕೊಂಡು ಮಂಚದ ಕೆಳಗೆ ಸೇರಿದಳು. ಅಲ್ಲಿಂದ ಒಂದೇ ಮಾತು ಬಂತು: “ಬೋಳಿಸಿದ್ರೆ ನಾನು ಇಸ್ಕೂಲಿಗೆ ಯಾವತ್ತೂ ಹೋಗಲ್ಲ.”

ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಶನಿವಾರ ದೂರವಿರಲಿಲ್ಲ.

ಅಕ್ಕ ಅವರೆಯನ್ನು ಸುಲಿದು, ಕಾಳನ್ನು ನೀರಿಗೆ ಹಾಕಿ, ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಬೇಸಿನ್ ಇಟ್ಟುಕೊಂಡು ಹಿದುಕಲು ಕುಳಿತಳು. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹೊರಕ್ಕೆ ಜಿಗಿಯುತ್ತದೆ. ಹಿದುಕಿದ ಬೇಳೆ ಸಾರಿನ ರುಚಿಗೆ ಈ ಕಷ್ಟ. ನಾನು ಪತ್ರಿಕೆ ಓದುತ್ತಿದ್ದೆ. ಅಕ್ಕನ ಬೆರಳಿನಿಂದ ಜಾರಿದ ಬೇಳೆಯೊಂದು ಹಾರಿ ಬಂದು ನನ್ನ ನೆತ್ತಿಗೆ ಬಡಿದು ನೆಲಕ್ಕೆ ಬಿತ್ತು. ಬೇಕೆಂದೇ ಮಾಡಿದಳೋ ಏನೋ, ಈಗ ವಿಚಾರಣೆ ಬೇಡ. ಯಾಕೆಂದರೆ ಆ ಕಾಳು ಬೆರಳಿನಿಂದ ಹೊರಟಾಗ ನಾನು ಒಂದು ಸದ್ದು ಕೇಳಿದೆ.

ಪುಳಕ್!

ಬೆಳಗಾಗುತ್ತಲೇ ಮತ್ತೆ ಮಂಚದ ಕೆಳಗೆ ಸೇರಿದ್ದವಳಿಗೂ ಕೇಳಿಸಿತ್ತು. ಮಂಕಿ ಟೋಪಿಯೊಂದು ಬಾಗಿಲಲ್ಲಿ ಇಣುಕಿತು. ಮೆಲ್ಲನೆ ಬಂದು ಬೇಸಿನ್ನಿನ ಈಚೆ ಬದಿ ಕುಳಿತು ಒಂದು ಕಾಳನ್ನು ಹಿಡಿದು ಒತ್ತಿತು. ಬೇಳೆ ನೆಗೆದು ತೊಲೆಗೆ ಹೊಡೆಯಿತು. ಇನ್ನೊಂದು ಅಕ್ಕನ ಕನ್ನಡಕಕ್ಕೆ. ಇನ್ನೊಂದು ಅಂಗಳ ದಾಟಿ ನಾಯಿಯ ಮೂಗಿಗೆ. ಪುಳಕ್, ಪುಳಕ್, ಪುಳಕ್! ಹುಡುಗಿ ನಗತೊಡಗಿದಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಸೊಸೆ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದಳು, ಹಾಲು ಉಕ್ಕಿತು, ಯಾರೂ ಏಳಲಿಲ್ಲ. ನಾನೂ ಪಂಚೆ ಎತ್ತಿ ಕಟ್ಟಿ ಕುಳಿತೆ. ಗೌರವಸ್ಥನಾದ ನಾನು ಅಂದು ಗೋಡೆಯ ಗಡಿಯಾರಕ್ಕೆ ಗುರಿಯಿಟ್ಟು ಅವರೆ ಹಾರಿಸಿದೆನೆಂದು ಬರೆಯಲು ನನಗೆ ಸಂಕೋಚವಿಲ್ಲ. ಗುರಿ ತಪ್ಪಲಿಲ್ಲ.

ಕಾಳು ಮುಗಿಯುವ ಹೊತ್ತಿಗೆ ಎಲ್ಲರೂ ನಕ್ಕು ಸುಸ್ತಾಗಿದ್ದೆವು. ಕೈಗೆ ಕೆಲಸವಿಲ್ಲದ ಅಕ್ಕ ಗೋಡೆಗೊರಗಿ, ಗಲ್ಲದ ಮೇಲೆ ಬೆರಳಾಡಿಸುತ್ತ, ಅಲ್ಲಿದ್ದ ಒಂದು ಬಿಳಿ ರೋಮವನ್ನು ಉಗುರಿನಲ್ಲಿ ಹಿಡಿದು ಚಿವುಟಿ ಕಿತ್ತಳು. ಮೊಮ್ಮಗಳು ಕಣ್ಣರಳಿಸಿದಳು.

“ಅಜ್ಜೀ, ನೀವೂ ಕೀಳ್ತೀರಾ?”

“ಏನವ್ವ?”

“ಗಡ್ಡ.”

“ಅಯ್ಯೋ, ಇದಾ? ಇದೊಂದು ಒರಟುಮುಂಡೇದು ಕಣವ್ವ, ಕೈಗೆ ಸಿಕ್ಬುಟ್ರೆ ಬುಡಾಕೇ ಆಗಾಕಿಲ್ಲ. ಟೀವಿ ನೋಡ್ವಾಗ ಕೈ ತಾನಾಗೇ ಓಯ್ತದೆ...” ಎಂದವಳು ಅಲ್ಲಿಗೇ ಮಾತು ನಿಲ್ಲಿಸಿದಳು.

“ಹಂಗಾದ್ರೆ ನಿಮ್ಮ ಗಡ್ಡದ ಹರಕೆನೂ ಬಾಕಿನಾ ಅಜ್ಜಿ? ಅದನ್ನೂ ದೇವ್ರು ಕಂತಲ್ಲಿ ತಗೋತಾವ್ನಾ?”

ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೋಡಿದಳು. ಅಕ್ಕ ಗಲ್ಲದ ಮೇಲಿನ ಕೈಯನ್ನು ತಟ್ಟನೆ ಕೆಳಗಿಳಿಸಿದಳು. ಅವಳು ಮಗುವನ್ನು ನೋಡಿದಳು, ಸಿಪ್ಪೆಯ ರಾಶಿ ನೋಡಿದಳು, ಆಮೇಲೆ ಮಗುವಿನ ಟೋಪಿ ತೆಗೆದು ಆ ಬೋಳು ಜಾಗವನ್ನು, ನಾಗಮಂಗಲದಲ್ಲಿ ಮುಟ್ಟಿದಂತಲ್ಲದೆ, ಅಂಗೈಯಲ್ಲಿ ಸವರಿದಳು.

“ನಿಂಗೂ ಕೈ ತಾನಾಗೇ ಓಯ್ತದಾ ಮಗ?”

“ಹ್ಞೂಂ.”

“ಮುಂಚೇನೇ ಏಳ್ಬಾರ್ದಾ!”

ಆದರೆ ದೇವರಿಗೆ ಕೊಟ್ಟ ಮಾತು ನಿಂತೇ ಇತ್ತು. ಶನಿವಾರ ಎಲ್ಲರೂ ಮೇಲುಕೋಟೆಗೆ ಹೋದೆವು. ಮಗು ನನ್ನ ಕೈಯನ್ನು ರಕ್ತ ನಿಲ್ಲುವಷ್ಟು ಗಟ್ಟಿಯಾಗಿ ಹಿಡಿದಿತ್ತು. ನಾನು ಮೊದಲು ಅರ್ಚಕರನ್ನು ಕಂಡು, ಮಗುವಿನ ಬದಲು ಮನೆಯ ಹಿರಿಯರು ಮುಡಿ ಕೊಟ್ಟರೆ ಸಲ್ಲುವುದೋ ಇಲ್ಲವೋ ಎಂದು ನೇರವಾಗಿ ಕೇಳಿದೆ. “ಭಕ್ತಿ ಇದ್ದರೆ ಸಲ್ಲುತ್ತೆ ಸ್ವಾಮಿ,” ಎಂದರು. ಅಕ್ಕನಿಗೂ ಕೇಳಲೆಂದು ಅದನ್ನು ಇನ್ನೊಮ್ಮೆ ಹೇಳಿಸಿದೆ. ಆಮೇಲೆ ಕಲ್ಯಾಣಿಯ ಬಳಿ ಕ್ಷೌರಿಕನ ಮುಂದೆ ಅಂಗಿ ಬಿಚ್ಚಿ ಕುಳಿತೆ.

ಅವನು ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಕಿವಿಯಿಂದ ಕಿವಿಗೆ ಇರುವ ಕೂದಲಿನ ಒಂದು ಅಂಚನ್ನು ಬೆರಳಲ್ಲಿ ಮುಟ್ಟಿದ.

“ದ್ಯಾವ್ರು ಆಗ್ಲೇ ಮುಂಗಡ ಈಸ್ಕೊಂಡವ್ನಲ್ಲ ಬುದ್ಧೀ?”

ಇದನ್ನೂ ನಾನು ಮರೆತಿಲ್ಲ. ಆದರೆ ಮೊಮ್ಮಗಳು ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಾಡಿ ನಕ್ಕಿದ್ದರಿಂದ ಸಿಟ್ಟು ಮಾಡಲು ಆಗಲಿಲ್ಲ. ನಾನು ಏಳುವಷ್ಟರಲ್ಲಿ ಅಕ್ಕ ತುರುಬು ಬಿಚ್ಚಿ ಮುಂದೆ ಬಂದು, “ಅರಕೆ ಒತ್ತೋಳು ನಾನು, ನಂದೂ ಮೂರು ಕತ್ತರಿ ತೆಗಿಯಪ್ಪ,” ಎಂದು ಕುಳಿತಳು. ಮೂರು ಕುಚ್ಚು ಕೂದಲು ಬಿತ್ತು. ಹರಕೆ ತೀರಿತು.

ಅಭ್ಯಾಸ ಅಂದೇ ತೀರಿತೆಂದು ಬರೆದರೆ ಸುಳ್ಳಾಗುತ್ತದೆ. ಅವರೆಯ ಕಾಲವೆಲ್ಲ ನಾವು ಹಿದುಕಿದ ಬೇಳೆ ಸಾರು, ಹಿದುಕಿದ ಬೇಳೆ ಉಪ್ಪಿಟ್ಟು ತಿಂದು ತಿಂದು ಬೇಸತ್ತೆವು. ಬೀದಿಯವರೂ ತಮ್ಮ ಕಾಳನ್ನು ನಮ್ಮ ಮನೆಗೇ ಕಳಿಸತೊಡಗಿದರು. ಕಾಲ ಮುಗಿದ ಮೇಲೆ ಒಣಕಾಳನ್ನು ನೆನೆಸಿದೆವು. ಕೆಲವು ವಾರ ಕೈ ಮತ್ತೆ ಮೇಲೇರಿತು. ನಾವು ಬೈಯಲಿಲ್ಲ, ಶ್ರೀರಂಗಪಟ್ಟಣದ ಬಸ್ಸು ತಪ್ಪಿಸಲಿಲ್ಲ. ಕೈ ಏರುವುದು ಬೇಸರವಾದಾಗಲ್ಲ, ಲೆಕ್ಕ ತಪ್ಪಿದಾಗ ಎಂದು ಅವಳೇ ಕಂಡುಹಿಡಿದು ಸಮಾಲೋಚಕಿಗೆ ಹೇಳಿದಳು. ನೆತ್ತಿಯಲ್ಲಿ ಮೊದಲು ರಾಗಿ ಪೈರಿನಂತೆ ಚೂಪಾದ ಕೂದಲು ಮೂಡಿತು.

ಅದು ಇನ್ನೂ ಗಿಡ್ಡವಾಗಿದ್ದಾಗಲೇ ಒಂದು ಸೋಮವಾರ ಅವಳು ಟೋಪಿಯಿಲ್ಲದೆ ಎರಡು ಜಡೆ ಹಾಕಿಸಿಕೊಂಡು, ಶಾಲೆಗೆ ಬಿಡು ತಾತ ಎಂದಳು. ಗೇಟಿನ ಬಳಿ ಅವಳ ತರಗತಿಯ ಹುಡುಗಿಯೊಬ್ಬಳು ನಿಂತಿದ್ದಳು. ನೇರವಾಗಿ ನೆತ್ತಿಯನ್ನು ನೋಡಿ ಕೇಳಿದಳು: “ಅದ್ಯಾಕೆ ನಿನ್ನ ಕೂದಲು ಅಲ್ಲಿ ಹಂಗೈತೆ?”

ನಾನು ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡೆ. ವೈದ್ಯೆಯ ಮಾತಿನಿಂದ ಹಿಡಿದು ಎಲ್ಲವೂ ಸಿದ್ಧವಿತ್ತು.

“ನಾನು ಕೀಳ್ತಿದ್ದೆ,” ಎಂದಳು ಮೊಮ್ಮಗಳು. “ಈಗ ಬಿಡ್ತಾ ಇದೀನಿ. ಬೆಳೀತಾ ಐತೆ, ಮುಟ್ಟಿ ನೋಡು, ಚುಚ್ಚುತ್ತೆ.”

ಆ ಹುಡುಗಿ ಮುಟ್ಟಿ ನೋಡಿದಳು. ಆಮೇಲೆ ತನ್ನ ಹತ್ತೂ ಬೆರಳನ್ನು ಮುಂದೆ ಚಾಚಿದಳು. ಉಗುರೆಲ್ಲ ಬುಡದ ತನಕ ಕಚ್ಚಿ ಸವೆದಿತ್ತು.

“ನಾನು ಇದನ್ನ ತಿಂತೀನಿ,” ಎಂದಳು.

“ಅಯ್ಯ! ರುಚಿ ಹೆಂಗಿರುತ್ತೆ?”

ಇಬ್ಬರೂ ಆ ವಿಷಯವನ್ನೇ ಗಂಭೀರವಾಗಿ ಚರ್ಚಿಸುತ್ತ ಒಳಗೆ ಹೋದರು.