ಬರಬೇಡಿ ಎಂದು ಬರೆದ ಕಾರ್ಡುಗಳು

ಮದುವೆಗೆ ಇನ್ನೂ ಹದಿನೆಂಟು ದಿನವಿತ್ತು. ಅದು ಮುಗಿದ ಮರುವಾರವೇ ನಾನು ಉಮರಗಾದ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂರಬೇಕು ಎಂದು ಅಪ್ಪ ಹೇಳಿಯಾಗಿತ್ತು. ಒಮ್ಮೆ ಕೂತರೆ ಮುಗಿಯಿತು, ಏಳುವುದು ಮುದುಕನಾದ ಮೇಲೆಯೇ. ಅದಕ್ಕೆ ಮುಂಚೆ ನನಗೆ ಮೂರೇ ಮೂರು ದಿನ ಬೇಕಾಗಿದ್ದವು. ಬಳಗದ ಒಂದು ಮುಖವನ್ನೂ ನೋಡದೆ, ಸೈಕಲ್ ಮೇಲೆ ಮಾಳ ದಾಟಿ ಉದಗೀರ ಮುಟ್ಟಬೇಕು. ನಾನು ಹೇಳುವ ಮಾಳದಲ್ಲಿ ಊರಿಲ್ಲ, ಬಾವಿಯಿಲ್ಲ. ಗರಸು ಕಲ್ಲು, ಒಣಹುಲ್ಲು, ಬಾರಿ ಗಿಡದ ಮುಳ್ಳು, ಗಾಳಿ. ಅಷ್ಟೇ ಸಾಕಾಗಿತ್ತು ನನಗೆ.

ಜೊತೆಗೆ ಶಾಲಾ ಮಾಸ್ತರನಾಗಿದ್ದ ಗೆಳೆಯ. ಪೊಲೀಸ್ ಆ್ಯಕ್ಷನ್ ಆಗಿ ಕೆಲವೇ ವರ್ಷಗಳಾಗಿದ್ದವು. ಅವನ ಶಾಲೆಯ ಕಪಾಟಿನಲ್ಲಿ ನಿಜಾಮನ ಕಾಲದ ಉರ್ದು ನಕಾಶೆಯೊಂದು ಇನ್ನೂ ಬಿದ್ದಿತ್ತು. ಅದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿ ನಾಲ್ಕು ರಾತ್ರಿ ತಲೆ ಕೆಡಿಸಿಕೊಂಡೆವು. ಮೊದಲ ದಿನದ ವಸತಿ ನಿಲಂಗಾದ ಈಚೆಗೆ, ಎರಡನೆಯದು ಔರಾದ ಶಹಾಜನಿ ದಾಟಿ. ಪಂಪು, ಪಂಕ್ಚರ್ ಸಾಮಾನು, ಕಂಬಳಿ. ಲಿಂಗಪೂಜೆಯಾಗದೆ ಬಾಯಿಗೆ ತುತ್ತು ಇಡುವಂತಿಲ್ಲ, ನೀರಿಲ್ಲದೆ ಪೂಜೆಯಿಲ್ಲ; ಅದಕ್ಕೆ ಇಬ್ಬರಿಗೂ ಒಂದೊಂದು ಹಿತ್ತಾಳೆ ಗಿಂಡಿ.

ಎಲ್ಲ ಸರಿಯಾಯಿತು ಅನ್ನುವಾಗ ಗೆಳೆಯ ನಕಾಶೆಯ ಮೇಲೆ ಬೆರಳಿಟ್ಟ.

"ಈ ಊರಾಗ ನಿಮ್ಮ ಸೋದರತ್ತಿ, ಇಲ್ಲಿ ಕಾಕಾ, ಇಲ್ಲಿ ಮಾಮಾ. ಇವ್ರ ಮನಿ ಮುಂದಿಂದ ಉಣ್ಣದ ಹಾದು ಹೋದ್ರ ನಿನ್ನ ಮದಿವ್ಯಾಗ ಒಬ್ಬರರೆ ಊಟಕ್ಕ ಕೂಡ್ತಾರೇನು?"

ಮಾತು ಖರೆ. ನಮ್ಮ ಕಡೆ ಇಂಥ ಮುನಿಸು ಮೂರು ತಲೆಮಾರು ಇಳಿಯುವುದಿಲ್ಲ. ಆಗ ನಾನು, ಮಹಾ ಶಾಣ್ಯಾ, ಒಂದು ಉಪಾಯ ಹುಡುಕಿದೆ. ಎಲ್ಲರಿಗೂ ಮೊದಲೇ, ನಮ್ಮ ಕಡೆ ಓದು-ಬರಹ ನಡೆಯುತ್ತಿದ್ದ ಮರಾಠಿಯಲ್ಲಿ ಒಂದೊಂದು ಕಾರ್ಡು ಬರೆದು ಹಾಕಿದೆ: ಇಂಥ ದಿನ, ಇಂಥ ಹೊತ್ತಿಗೆ ನಿಮ್ಮೂರ ಪಕ್ಕದ ಮಾಳದಿಂದ ಹೋಗುತ್ತೇವೆ. ಮನೆಗೆ ಬರಲು ಆಗುವುದಿಲ್ಲ. ಅಡುಗೆ ಮಾಡಬೇಡಿ, ದಾರಿ ಕಾಯಬೇಡಿ, ಸಿಟ್ಟಾಗಬೇಡಿ.

"ಛಲೋ ಮಾಡಿದಿ ಬಿಡು," ಎಂದು ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಕೆ ನಗುತ್ತಿದ್ದಳೆಂದು ನನಗೆ ಹೊಳೆಯಲೇ ಇಲ್ಲ.

ಮೊದಲ ದಿನ ಮಧ್ಯಾಹ್ನ, ಮಾಳದ ನಟ್ಟನಡುವೆ, ದೂರದಲ್ಲಿ ಏನೋ ಕಪ್ಪಗೆ ಕಂಡಿತು. ಜಿಂಕೆ ಎಂದುಕೊಂಡೆ. ಹತ್ತಿರ ಹೋದರೆ ಎತ್ತಿನ ಬಂಡಿ, ಎರಡು ಕೊಡ ನೀರು, ಸೋದರತ್ತೆ.

"ಇಷ್ಟೊತ್ತನಕಾ ಎಲ್ಲಿದ್ದಿ? ಹೋಳಗಿ ಆರಿ ಹೋಗ್ಯಾವ!"

"ಅತ್ತಿ, ಕಾಯಬ್ಯಾಡ ಅಂತ ಬರ್ದಿದ್ನಲ್ಲಾ!"

"ಮನಿಗಿ ಬರಾಂಗಿಲ್ಲ ಅಂತ ಬರ್ದಿದಿ. ಅದಕ್ಕಾ ಮನೀನೇ ಇಲ್ಲಿಗಿ ತಂದೀನಿ. ಜಳಕಾ ಮಾಡು ಮದಲ, ಪೂಜಿ ಮಾಡ್ಕೊ."

ಮದುಮಗನಾಗಲಿದ್ದ ನಾನು ಲಂಗೋಟಿಯಲ್ಲಿ ಗರಸಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅತ್ತೆ ಒಂದು ಕೊಡ ಪೂರ್ತಿ ಸುರಿದಳು. ಗೆಳೆಯ ನಗುತ್ತ ನಗುತ್ತ ಸೈಕಲ್ ಸಮೇತ ಮುಳ್ಳಿನಲ್ಲಿ ಬಿದ್ದ, ಒಳ್ಳೆಯದೇ ಆಯಿತು. ಸಂಜೆಗೆ ಕಾಕಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಾದಿ, ತಲೆದಿಂಬು ಹೊತ್ತು ನಿಂತಿದ್ದ. ಮರುದಿನ ಬಳಗದ ಇನ್ನೆರಡು ಮನೆಯವರು ಒಂದೇ ಹೊತ್ತಿಗೆ ಬಂದು, ಮೊದಲು ಯಾರು ಬಡಿಸಬೇಕೆಂದು ಜಗಳಕ್ಕೆ ನಿಂತರು. ಎರಡೂ ಕಡೆ ಉಂಡು ನಾನು ಸೈಕಲ್ ಹತ್ತಲಾಗದೆ ತಳ್ಳಿಕೊಂಡು ನಡೆದೆ. ದಾರಿಯುದ್ದಕ್ಕೂ ಬಳಗವನ್ನು ಬೈದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಇದ್ದ ಮೂರು ದಿನಗಳಲ್ಲಿ ಎರಡನ್ನು ಇವರು ನುಂಗಿದ್ದರು.

ಮೂರನೇ ದಿನ ಉದಗೀರದ ಈಚೆಗೆ, ಮಾಮಾನ ಊರಿನ ಮಾಳ. ಬಂಡಿಯಿಲ್ಲ, ಕೊಡವಿಲ್ಲ, ನರಪಿಳ್ಳೆಯಿಲ್ಲ. ಹುಲ್ಲು, ಗಾಳಿ. ನಾನು ಬೇಡಿದ್ದು ಇದನ್ನೇ. ಸೈಕಲ್ ಇಳಿದೆ. ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡಿದೆ. ಒಂದು ಬಂಡೆಯ ಮೇಲೆ ಕೂತೆ.

"ನಡಿಯೋ ಮಾರಾಯಾ," ಅಂದ ಗೆಳೆಯ, ಗಂಟೆ ಹೊತ್ತಾದ ಮೇಲೆ.

"ತಡಿ, ಬರ್ತಾನ. ಬರಲಾರದ ಹ್ಯಾಂಗ ಇರ್ತಾನ?"

ಬರಲಿಲ್ಲ. ಮದುವೆಗೆ ಮಾತ್ರ ಎಲ್ಲರಿಗಿಂತ ಮೊದಲು ಬಂದ. ಬಾಸಿಂಗ ಕಟ್ಟಿಕೊಂಡೇ ಹೋಗಿ ಅವನನ್ನು ಹಿಡಿದೆ.

"ಮಾಮಾ, ನನ್ನ ಕಾರ್ಡು ಮುಟ್ಟಿರ್ಲಿಲ್ಲೇನ್ರೀ?"

"ಮುಟ್ಟಿತ್ತಪ್ಪಾ. ಕಾಯಬ್ಯಾಡ ಅಂದಿದ್ದಿ, ಕಾಯಲಿಲ್ಲ."

ಇಡೀ ಬಳಗದಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟವನು ಅವನೊಬ್ಬನೇ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.